ನೆಲದಲ್ಲಿ ನೋಡಿದವರು

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಒಂದು ಸಂತಾಪ ಸಭೆ ನಡೆಯಿತು. ಮಿಜಾರಿನ ಆ ಸಭಾಂಗಣದಲ್ಲಿ ಎಸಿ ಚೆನ್ನಾಗಿತ್ತು, ಮೈಕು ಚೆನ್ನಾಗಿತ್ತು, ಮಾತನಾಡಿದವರೂ ಚೆನ್ನಾಗಿಯೇ ಮಾತನಾಡಿದರು. ಯಾರ ಬಗ್ಗೆ ಮಾತನಾಡುತ್ತಿದ್ದಾರೆಂದು ಮಾತ್ರ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಒಬ್ಬರು 'ದೂರದೃಷ್ಟಿಯ ಗುರು' ಎಂದರು. ಇನ್ನೊಬ್ಬರು 'ಬಾಹ್ಯಾಕಾಶವನ್ನು ಹಳ್ಳಿಯ ಅಂಗಳಕ್ಕೆ ತಂದವರು' ಎಂದರು. ನನಗೆ ಗೊತ್ತಿದ್ದ ಮನುಷ್ಯನಿಗೆ ದೂರದಿಂದ ನೋಡುವುದರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಹತ್ತಿರ ಹೋಗಿ, ಸಾಧ್ಯವಾದರೆ ಮುಟ್ಟಿ, ಅಲ್ಲಿಯವರ ಹತ್ತಿರ ಒಂದು ಮಾತು ಕೇಳಿ ಆಮೇಲೆ ಹೌದೋ ಅಲ್ಲವೋ ಎನ್ನುವ ಜಾಯಮಾನ ಅವರದು.

ಅವರು ನಮ್ಮ ಸಿವಿಲ್ ವಿಭಾಗದಲ್ಲಿ ಸರ್ವೆ ಕಲಿಸುತ್ತಿದ್ದರು. ಮಕ್ಕಳ ಬಾಯಲ್ಲಿ 'ಸರ್ವೆ ಸರ್'. ಪಾಠಕ್ಕೆ ಬರುವ ಮೊದಲು ಕೆಲವು ವರ್ಷ ತಾಲೂಕು ಕಚೇರಿಯಲ್ಲಿ ಸರ್ವೆಯರ್ ಆಗಿ ಚೈನು ಎಳೆದವರು. ಮನೆ ಉಜಿರೆಯಲ್ಲಿ. ಬೆಳಿಗ್ಗೆ ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಎಂದು ಬಸ್ಸು ಬದಲಾಯಿಸಿ ಮಿಜಾರಿಗೆ ಬರುವಷ್ಟರಲ್ಲಿ ಅವರ ಅಂಗಿಯ ಇಸ್ತ್ರಿ ಹೋಗಿರುತ್ತಿತ್ತು. ಬಗಲಲ್ಲಿ ಒಂದು ದೊಡ್ಡ ಲಕೋಟೆ ಯಾವಾಗಲೂ ಇರುತ್ತಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಾಕಿ ಕೊಡುತ್ತಾರಲ್ಲ, ಅದು. ಅದರೊಳಗೆ ಉಪಗ್ರಹ ಚಿತ್ರದ ಪ್ರಿಂಟುಗಳು. ಮಡಚದೆ ಒಯ್ಯಲು ಅದಕ್ಕಿಂತ ಒಳ್ಳೆಯ ಚೀಲ ಇಲ್ಲವೆಂದು ಅವರ ವಾದ. ಬಸ್ಸಿನಲ್ಲಿ ಯಾರಾದರೂ, "ಯಾರಿಗೆ ಹುಷಾರಿಲ್ಲ ಸರ್?" ಎಂದು ಕೇಳಿದರೆ, "ತಾಲೂಕಿಗೆ" ಎಂದು ಹೇಳಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ನಾನು ಕಂಪ್ಯೂಟರ್ ವಿಭಾಗದವಳು. ಬಂಟ್ವಾಳದಿಂದ ಸಿದ್ದಕಟ್ಟೆಯ ಮೇಲೆ ಬಂದು ಹೋಗುವವಳು. ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಅವರು ನನ್ನ ಲ್ಯಾಬಿಗೆ ಬಂದು, ಪರದೆಯ ಮೇಲಿದ್ದ ಉಪಗ್ರಹ ಚಿತ್ರದ ಒಂದು ಚುಕ್ಕಿಗೆ ಪೆನ್ನಿನ ತುದಿ ಇಟ್ಟು, "ಇದು ಯಾರ ಮನೆ?" ಎಂದು ಕೇಳಿದರು. ನಾನು ಜಾಣೆಯಂತೆ, "ಸರ್, ಇದು ಬರೀ ಒಂದು ಪಿಕ್ಸೆಲ್. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ" ಎಂದೆ.

"ಅದು ಗೊತ್ತುಂಟು. ಹತ್ತು ಮೀಟರಲ್ಲಿ ಒಂದು ಮನೆ ಹಿಡಿತದೆ, ಒಂದು ಬಾವಿ ಹಿಡಿತದೆ, ಅಣ್ಣತಮ್ಮಂದಿರ ಒಂದು ಜಗಳವೂ ಹಿಡಿತದೆ. ಅದಕ್ಕೆ ಕೇಳಿದ್ದು, ಯಾರ ಮನೆ ಅಂತ."

ಅದು ಅವರಿಗೂ ಗೊತ್ತಿರಲಿಲ್ಲ. ಆದರೆ ಮುಂದಿನ ವಾರ ಬಂದು, ಅದು ಮನೆಯಲ್ಲ, ಒಂದು ದನದ ಹಟ್ಟಿ ಎಂದು ಹೇಳಿ ಹೋದರು. ಬಸ್ಸಿನಿಂದ ಇಳಿದು ನೋಡಿಕೊಂಡು ಬಂದಿದ್ದರು.

ಇಂಥವರ ಕೈಗೆ ಕಾಲೇಜಿನವರು ಸ್ಪರ್ಧೆಯೊಂದನ್ನು ಕೊಟ್ಟರು. ಉಪಗ್ರಹದ ಚಿತ್ರಗಳು ಈಗ ಯಾರಿಗೆ ಬೇಕಾದರೂ ಬಿಟ್ಟಿ ಸಿಗುತ್ತವೆ, ಅವನ್ನು ಹೊಸ ಹೊಸ ಕೆಲಸಗಳಿಗೆ ಬಳಸುವ ಯೋಚನೆಗಳು ಬರಬೇಕು, ಯೋಚನೆ ಎಲ್ಲಿಂದ ಬಂದರೂ ಆಗುತ್ತದೆ, ಕಾಲೇಜಿನ ಗೋಡೆಯೊಳಗಿಂದಲೇ ಬರಬೇಕೆಂದಿಲ್ಲ, ಎಂಬುದು ಮೇಲಿನಿಂದ ಬಂದ ಸೂಚನೆ. 'ಮುಕ್ತ ನಾವೀನ್ಯ' ಎಂದು ಅದಕ್ಕೊಂದು ಹೆಸರು. ನಮ್ಮ ಪ್ರಿನ್ಸಿಪಾಲರು ಕೊನೆಯಲ್ಲಿ 'ಥಾನ್' ಎಂದು ಬರುವ ಒಂದು ಇಂಗ್ಲಿಷ್ ಹೆಸರಿಟ್ಟು ಗೇಟಿನಲ್ಲಿ ಫ್ಲೆಕ್ಸ್ ಹಾಕಿಸಿದರು. ಯೋಚನೆ ಎಲ್ಲಿಂದ ಬಂದರೂ ಆಗುತ್ತದೆ ಎನ್ನುವುದನ್ನು ಆ ಇಡೀ ಕಾಲೇಜಿನಲ್ಲಿ ನಿಜವೆಂದು ತೆಗೆದುಕೊಂಡವರು ಸರ್ ಒಬ್ಬರೇ. ಅವರು ತಮ್ಮದೇ ಒಂದು ನೋಟೀಸು ಬರೆದು ಜೆರಾಕ್ಸ್ ಮಾಡಿಸಿದರು. ಅದರ ಒಂದು ಪ್ರತಿ ನನ್ನ ಹತ್ತಿರ ಈಗಲೂ ಉಂಟು.

'ಐದಾರು ದಿನಕ್ಕೊಮ್ಮೆ ಉಪಗ್ರಹ ನಮ್ಮ ತಲೆಯ ಮೇಲಿಂದ ಹೋಗುತ್ತಾ ಊರಿನ ಚಿತ್ರ ತೆಗೆಯುತ್ತದೆ. ಚಿತ್ರ ಧರ್ಮಕ್ಕೆ ಸಿಗುತ್ತದೆ. ಅದರಿಂದ ನಿಮಗೆ ಆಗಬೇಕಾದ ಕೆಲಸ ಏನಾದರೂ ಉಂಟೋ? ಹೇಳಿ. ಬರೆಯಲು ಆಗದವರು ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿ. ತುಳುವಿನಲ್ಲಿಯೂ ಆದೀತು.'

ಇದನ್ನು ಹಾಲಿನ ಸೊಸೈಟಿಗಳಲ್ಲಿ, ರೇಶನ್ ಅಂಗಡಿಗಳಲ್ಲಿ, ಫರಂಗಿಪೇಟೆಯ ಒಂದು ಸೆಲೂನಿನ ಕನ್ನಡಿಯ ಪಕ್ಕದಲ್ಲಿ ಅಂಟಿಸಿ ಬಂದರು. ಸೆಲೂನಿನಲ್ಲಿ ಯಾಕೆ ಎಂದರೆ, "ಅಲ್ಲಿ ಕೂತವ ಎದ್ದು ಹೋಗ್ಲಿಕ್ಕೆ ಆಗುದಿಲ್ಲ. ಓದ್ಲೇಬೇಕು" ಎಂದರು.

ಬಂದ ಯೋಚನೆಗಳ ಬಗ್ಗೆ ಹೇಳದಿರುವುದೇ ಒಳ್ಳೆಯದು. ಒಬ್ಬರ ದನ ಕಾಣೆಯಾಗಿತ್ತು, ಆಕಾಶದಿಂದ ನೋಡಿ ಹೇಳಬೇಕಿತ್ತು. ಒಬ್ಬರಿಗೆ ನೆರೆಮನೆಯವರು ರಾತ್ರೋರಾತ್ರಿ ಬೇಲಿ ಸರಿಸಿದ್ದಕ್ಕೆ ಸಾಕ್ಷಿ ಬೇಕಿತ್ತು. ಇನ್ನೊಬ್ಬರು ನೇತ್ರಾವತಿಯಲ್ಲಿ ಮೀನು ಯಾವ ಹೊಂಡದಲ್ಲಿ ಉಂಟೆಂದು ಕೇಳಿದ್ದರು. ಮಕ್ಕಳು ಈ ಧ್ವನಿಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ನಕ್ಕು ನಕ್ಕು ಸುಸ್ತಾದರು. ಸರ್ ನಗಲಿಲ್ಲ. ಪ್ರತಿಯೊಬ್ಬರಿಗೂ ಉತ್ತರ ಕೊಟ್ಟರು. ದನದವರಿಗೆ, 'ನಮ್ಮ ಚಿತ್ರದಲ್ಲಿ ದನ ಒಂದು ಚುಕ್ಕಿಯಷ್ಟೂ ದೊಡ್ಡದಲ್ಲ, ಕ್ಷಮಿಸಿ. ಸಿಕ್ಕಿದರೆ ತಿಳಿಸಿ' ಎಂದು ಬರೆದಿದ್ದರು. ನಾಲ್ಕು ದಿನ ಬಿಟ್ಟು ದನ ಸಿಕ್ಕಿತೆಂದು ಅವರು ಫೋನು ಮಾಡಿದಾಗ ಸರ್ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೋಳಿಬಜೆ ತೆಗೆಸಿಕೊಟ್ಟರು.

ಅವರದು ಒಂದೇ ನಿಯಮ. ಸ್ಪರ್ಧೆಗೆ ಬರುವ ಪ್ರತಿ ನಕ್ಷೆಯ ಅಡಿಯಲ್ಲಿ ಒಂದು ಗೆರೆ ಇರಬೇಕು: 'ನೆಲದಲ್ಲಿ ನೋಡಿದವರು.' ಅದರ ಮುಂದೆ, ಆ ಜಾಗಕ್ಕೆ ಕಾಲಿನಲ್ಲಿ ನಡೆದು ಹೋಗಿ, ನಕ್ಷೆಯಲ್ಲಿರುವುದು ಹೌದೆಂದು ಕಂಡವರ ಹೆಸರು ಮತ್ತು ಸಹಿ. ಆ ಗೆರೆ ತುಂಬದೆ ಯಾವ ನಕ್ಷೆಯೂ ಲ್ಯಾಬಿನಿಂದ ಹೊರಗೆ ಹೋಗುವಂತಿಲ್ಲ. ಮಕ್ಕಳಿಗೆ ಇದೊಂದು ದೊಡ್ಡ ಶಿಕ್ಷೆ. ಮೂರು ದಿನದಲ್ಲಿ ಪ್ರೋಗ್ರಾಂ ಬರೆದು ಮುಗಿಸಿದವರು ಮೂರು ವಾರ ಬಸ್ಸಿನಲ್ಲಿ ಓಡಾಡಬೇಕಿತ್ತು. "ಸರ್, ಇದೆಲ್ಲ ಮಾಡುವುದಾದರೆ ಉಪಗ್ರಹ ಯಾಕೆ?" ಎಂದು ಒಬ್ಬ ಕೇಳಿಯೂ ಬಿಟ್ಟ.

"ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗ್ಲಿಕ್ಕೆ ಮಾರಾಯ. ಹೋಗುದು ತಪ್ಪಿಸ್ಲಿಕ್ಕೆ ಅಲ್ಲ" ಎಂದರು ಸರ್.

ಸ್ಪರ್ಧೆಯ ಎರಡನೆಯ ವರ್ಷ ನಾಲ್ವರು ಮಕ್ಕಳ ಒಂದು ತಂಡ ಕಟ್ಟಗಳ ನಕ್ಷೆ ಮಾಡಿತು. ನಮ್ಮ ಕಡೆ ಮಳೆ ನಿಂತು ತೋಡಿನ, ಅಂದರೆ ಸಣ್ಣ ಹಳ್ಳದ, ನೀರಿನ ಸೆಳೆತ ಕಡಿಮೆಯಾದಾಗ ಊರವರು ಸೇರಿ ತೋಡಿಗೆ ಅಡ್ಡ ಕಲ್ಲು, ಮಣ್ಣು, ಸೊಪ್ಪು ಹಾಕಿ ಒಡ್ಡು ಕಟ್ಟುತ್ತಾರೆ. ಅದೇ ಕಟ್ಟ. ಬೇಸಿಗೆಯ ಮೂರು ನಾಲ್ಕು ತಿಂಗಳು ನೀರು ನಿಂತು ಸುತ್ತಿನ ಗದ್ದೆ, ಬಾವಿಗಳನ್ನು ಕಾಯುತ್ತದೆ. ಮಳೆ ಬಂದಾಗ ಕೊಚ್ಚಿಹೋಗುತ್ತದೆ. ಮತ್ತೆ ಮುಂದಿನ ವರ್ಷ ಕಟ್ಟುವುದು. ಎಲ್ಲೆಲ್ಲಿ ಈಗಲೂ ಕಟ್ಟ ಕಟ್ಟುತ್ತಾರೆ ಎಂಬುದನ್ನು ಆಕಾಶದಿಂದ ಕಂಡುಹಿಡಿದು ಪಂಚಾಯತಿಗೆ ಕೊಡುವುದು ಮಕ್ಕಳ ಯೋಚನೆ. ಯೋಚನೆ ಒಳ್ಳೆಯದೇ. ಬೇಸಿಗೆಯ ಮೋಡವಿಲ್ಲದ ಚಿತ್ರ ತೆಗೆದು, ನೀರು ಇದ್ದಲ್ಲೆಲ್ಲ ನೀಲಿ ಬರುವಂತೆ ಪ್ರೋಗ್ರಾಂ ಮಾಡಿದರು. ನನ್ನ ವಿಭಾಗದ ಮಕ್ಕಳೇ, ನಾನೇ ಬೆನ್ನು ತಟ್ಟಿದ್ದೆ.

ನಾಳೆ ಪ್ರದರ್ಶನ ಎಂದರೆ ಇವತ್ತು ಸಂಜೆ ನಕ್ಷೆ ಬಂತು. ನವೆಂಬರದಲ್ಲೂ ಬಿಡದೆ ಮಳೆ ಹೊಯ್ಯುತ್ತಿತ್ತು. ಸರ್ ಸೊಂಟ ನೋವಿನಿಂದ ಹತ್ತು ದಿನ ರಜೆ ಹಾಕಿ ಅಂದೇ ಬಂದಿದ್ದರು, ಕುರ್ಚಿಯಲ್ಲಿ ಒಂದು ಬದಿಗೆ ವಾಲಿ ಕೂತಿದ್ದರು. ಅಡಿಯ ಗೆರೆ ಖಾಲಿ ಇತ್ತು. ಮಕ್ಕಳು ತಲೆ ತಗ್ಗಿಸಿದರು. ಪ್ರಿನ್ಸಿಪಾಲರ ಆಫೀಸಿನಿಂದ ಎರಡು ಸಲ ಫೋನು ಬಂತು. ನಾನು, "ಇದೊಂದು ಸಲ ಇರಲಿ ಸರ್" ಎಂದೆ. ಇದನ್ನು ಹೇಳಿದ್ದು ನಾನು ಎಂಬುದನ್ನು ಬರೆದಿಡಬೇಕು. ಅವರು ನಕ್ಷೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದು ಆ ಗೆರೆಯ ಮುಂದೆ ತಮ್ಮ ಹೆಸರನ್ನೇ ಬರೆದು ಸಹಿ ಹಾಕಿದರು.

ಮರುದಿನ ಮಕ್ಕಳಿಗೆ ಬಹುಮಾನ ಬಂತು, ಪತ್ರಿಕೆಯಲ್ಲಿ ಫೋಟೊ ಬಂತು. ನಕ್ಷೆಯ ಪ್ರತಿಗಳು ಪಂಚಾಯತಿಗಳಿಗೆ ಹೋದವು. ನಾವು ಅದನ್ನು ಮರೆತೆವು. ಈ ಸ್ಪರ್ಧೆಗಳ ಹಣೆಬರಹವೇ ಹಾಗೆ. ವರ್ಷಕ್ಕೊಂದು ಹೆರಿಗೆ, ನಾಮಕರಣದ ಊಟ ಆದ ಮೇಲೆ ಮಗುವನ್ನು ಕೇಳುವವರಿಲ್ಲ. ಮಕ್ಕಳು ಪಾಸಾಗಿ ಹೋಗುತ್ತಾರೆ, ಅವರು ಮಾಡಿದ ಆ್ಯಪು ತೆರೆಯುವುದಿಲ್ಲ, ನಾವು ಮತ್ತೆ ಫ್ಲೆಕ್ಸ್ ಬರೆಸುತ್ತೇವೆ.

ಫೆಬ್ರವರಿಯಲ್ಲಿ ಸರ್ ಅವರ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ತುಳುವಿನಲ್ಲಿ ಇತ್ತು. ಅವರು ಅದನ್ನು ನನ್ನ ಮೇಜಿನ ಮೇಲೆ ಇಟ್ಟು ಕೇಳಿಸಿದರು. ಹೆಂಗಸಿನ ಸ್ವರ, ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

"ನಾನು ಕಮಲ ಅಂತ, ವೇಣೂರಿನಿಂದ ಸ್ವಲ್ಪ ಒಳಗೆ. ನಿಮ್ಮ ನಂಬರು ಹಾಲಿನ ಸೊಸೈಟಿಯ ಕಾಗದದಲ್ಲಿ ಇತ್ತು. ಪ್ರತಿ ವರ್ಷ ನಮ್ಮ ಕಟ್ಟಕ್ಕೆ ಪಂಚಾಯತಿಯಿಂದ ಮಣ್ಣು ತುಂಬುವ ಚೀಲ ಕೊಡ್ತಿದ್ರು, ಒಂದು ದಿನ ಜೆಸಿಬಿ ಕಳಿಸ್ತಿದ್ರು. ಈ ಸಲ ಕೇಳಿದ್ದಕ್ಕೆ, ನಿಮ್ಮಲ್ಲಿ ಕಟ್ಟವೇ ಇಲ್ಲ, ಕಾಲೇಜಿನವರು ಆಕಾಶದಿಂದ ನೋಡಿ ಬರೆದು ಕೊಟ್ಟಿದ್ದಾರೆ ಅಂತ ಹೇಳಿದ್ರು. ಹಾಗಾಗಿ ಕಟ್ಟ ಆಗಲಿಲ್ಲ. ಬಾವಿಯ ತಳ ಕಾಣ್ತಾ ಉಂಟು. ಮೂರನೇ ಬೆಳೆಯ ಕೊಳಕೆ ಗದ್ದೆ ಬಿಟ್ಟಾಯ್ತು. ನಿಮಗೆ ಕಾಣದ್ದನ್ನು ಇಲ್ಲ ಅಂತ ಬರೆದದ್ದು ಯಾರು ಅಂತ ಒಮ್ಮೆ ಕೇಳುವ ಅಂತ ಮಾತಾಡಿ ಕಳಿಸಿದ್ದು."

ಸಿಟ್ಟಿನ ಸ್ವರವಲ್ಲ. ಸಿಟ್ಟಿನ ಸ್ವರವಾಗಿದ್ದರೆ ನನಗೆ ಹೆಚ್ಚು ಸುಲಭವಾಗುತ್ತಿತ್ತು. ಸರ್ ಎಕ್ಸ್‌ರೇ ಲಕೋಟೆಯಿಂದ ನಕ್ಷೆ ತೆಗೆದರು. ಮಕ್ಕಳ ನಕ್ಷೆಯಲ್ಲಿ ಇಡೀ ಆ ಭಾಗದಲ್ಲಿ ಏಳು ನೀಲಿ ಚುಕ್ಕಿ ಇದ್ದವು. ಮರುದಿನವೇ ಹೋದೆವು. ಬಸ್ಸಿನಲ್ಲಿ ಸ್ವಲ್ಪ, ರಿಕ್ಷಾದಲ್ಲಿ ಸ್ವಲ್ಪ, ಉಳಿದದ್ದು ನಡೆದು. ಏಳರಲ್ಲಿ ಆರು ಚುಕ್ಕಿ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು, ಮಳೆನೀರು ನಿಂತಿತ್ತು. ಏಳನೆಯದು ಒಂದು ಮದುವೆ ಹಾಲ್‌ನ ನೀಲಿ ಶೀಟಿನ ಛಾವಣಿ. ಕಟ್ಟ ಒಂದೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಆ ಮದುವೆ ಹಾಲ್ ನೋಡಿ ನಾವಿಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು.

ಕಮಲಕ್ಕನ ಮನೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಗಟ್ಟಿ ಜೀವ, ಬೀಡಿ ಕಟ್ಟುವ ಮೊರ ಮಡಿಲಿನಿಂದ ಇಳಿಸಿ ಎದ್ದು ಬಂದರು. ಸರ್ ಚಾವಡಿಗೆ ಹತ್ತುವ ಮೊದಲೇ, ಅಂಗಳದಲ್ಲಿಯೇ ನಿಂತು, "ನೀವು ಕೇಳಿದ್ರಲ್ಲ ಬರೆದದ್ದು ಯಾರು ಅಂತ, ಅದು ನಾನು. ನೋಡದೆ ಬರೆದದ್ದು" ಎಂದರು. ಕಮಲಕ್ಕ ಅವರನ್ನು ನೋಡಿ, "ಕೂತುಕೊಳ್ಳಿ, ಬಿಸಿಲಿಗೆ ಬಂದಿದ್ದೀರಿ" ಎಂದು ಒಳಗೆ ಹೋಗಿ ಬೆಲ್ಲ ಮತ್ತು ನೀರು ತಂದಿಟ್ಟರು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮಲ್ಲಿ ಎಲ್ಲ ಮನೆಯ ಕ್ರಮ. ಲೋಟ ಅರ್ಧ ಮಾತ್ರ ತುಂಬಿತ್ತು. ಸರ್ ಕೇಳಿದರು, "ಬಾವಿಯ ನೀರಾ?"

"ಅಲ್ಲ, ಮೇಲಿನ ಮನೆಯಿಂದ ತಂದದ್ದು. ಅವರದ್ದು ಇನ್ನೂ ಆರಲಿಲ್ಲ. ಕುಡೀರಿ ನೀವು."

ಸರ್ ಕುಡಿಯಲಿಲ್ಲ. ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಕೂತರು. ನಾನು ಅವರನ್ನು ಅಷ್ಟು ವರ್ಷ ನೋಡಿದ್ದೆ, ಹಾಗೆ ಕೂತದ್ದನ್ನು ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. 'ಇದೊಂದು ಸಲ ಇರಲಿ' ಎಂದು ಹೇಳಿದ ಬಾಯಿಗೆ ಬೆಲ್ಲವೂ ರುಚಿಸಲಿಲ್ಲ.

ಆಮೇಲೆ ಕಮಲಕ್ಕ ನಮ್ಮನ್ನು ತೋಡಿನ ಕಡೆ ಕರೆದುಕೊಂಡು ಹೋದರು. ತೋಡು ಎಂದರೆ ಇಬ್ಬರು ಮಲಗಿದರೆ ತುಂಬುವಷ್ಟು ಅಗಲ, ಮೇಲೆ ಎರಡೂ ಕಡೆಯ ಮರಗಳು ಸೇರಿ ಚಪ್ಪರ ಹಾಕಿದ ಹಾಗೆ. ಒಂದು ಚುಕ್ಕಿಯ ಅರ್ಧವೂ ಅಲ್ಲ. ಸರ್ ಮೇಲೆ ನೋಡಿದರು. ಆಕಾಶ ಕಾಣುತ್ತಿರಲಿಲ್ಲ. ಕಮಲಕ್ಕ ನಕ್ಷೆ ಕೇಳಿ ಇಸಕೊಂಡು, ಸೆರಗಿನಲ್ಲಿ ಕೈ ಒರಸಿ, ಅದನ್ನು ಸುತ್ತ ತಿರುಗಿಸಿ ನೋಡಿದರು.

"ಇಲ್ಲಿಗೆ ಆಕಾಶ ಎಲ್ಲಿಂದ ಕಾಣ್ಬೇಕು ಸರ್? ನೀವು ನೀರು ಯಾಕೆ ಹುಡುಕುದು? ಗದ್ದೆ ನೋಡಿ. ಏಣೆಲು ಬೆಳೆ ಮಳೆಯಲ್ಲಿ ಎಲ್ಲರಿಗೂ ಆಗ್ತದೆ. ಸುಗ್ಗಿಯೂ ಹೇಗಾದ್ರೂ ಆಗ್ತದೆ. ಮೂರನೇದ್ದು ಕೊಳಕೆ, ಅದು ಕಟ್ಟ ಇಲ್ಲದೆ ಆಗುದಿಲ್ಲ. ಮಾರ್ಚಿಯಲ್ಲಿ ಯಾರ ಗದ್ದೆ ಪಚ್ಚೆ ಉಂಟೋ ಅವರ ಮೇಲಿನ ತೋಡಿನಲ್ಲಿ ಕಟ್ಟ ಉಂಟು. ಇದು ಇಲ್ಲಿಯ ಸಣ್ಣ ಮಕ್ಕಳಿಗೂ ಗೊತ್ತುಂಟಲ್ಲ."

ನಮಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳು ನಾಲ್ವರು ಮಕ್ಕಳು, ಒಬ್ಬಳು ಮೇಡಂ, ಒಬ್ಬರು ಸರ್, ಒಂದು ಸರ್ವರ್, ಎಲ್ಲ ಸೇರಿ ಕಾಣದ ನೀರಿನ ಹಿಂದೆ ಬಿದ್ದಿದ್ದೆವು. ಸರ್ ತಮ್ಮ ಸಣ್ಣ ಪುಸ್ತಕ ತೆಗೆದು ಆ ಮಾತನ್ನು ಹೇಳಿದ ಹಾಗೆಯೇ ಬರೆದುಕೊಂಡರು. ಕೆಳಗೆ ಕಮಲಕ್ಕನ ಹೆಸರು ಬರೆದು, "ಸರಿಯಾ ನೋಡಿ" ಎಂದು ತೋರಿಸಿದರು.

ಹೊರಡುವಾಗ ಸರ್ ಆ ಅರ್ಧ ಲೋಟ ನೀರನ್ನು ನಿಂತುಕೊಂಡು ಕುಡಿದರು.

ಮರುದಿನ ಅವರು ಮೂಲ ನಕ್ಷೆಯನ್ನು ಮೇಜಿನ ಮೇಲೆ ಹರಡಿ, 'ನೆಲದಲ್ಲಿ ನೋಡಿದವರು' ಎಂಬ ಗೆರೆಯ ಮುಂದಿದ್ದ ತಮ್ಮ ಹೆಸರನ್ನು ಹೊಡೆದುಹಾಕಿದರು. ಪಕ್ಕದಲ್ಲಿ 'ನೋಡಲಿಲ್ಲ' ಎಂದು ಬರೆದು ಮತ್ತೆ ಸಹಿ ಹಾಕಿದರು. ಅದರ ಪ್ರತಿಗಳನ್ನು ಮೊದಲಿನ ನಕ್ಷೆ ಹೋಗಿದ್ದ ಎಲ್ಲ ಕಡೆಗೂ ಕಳಿಸಿದರು. ಮೂಲವನ್ನು ಲ್ಯಾಬಿನ ಗೋಡೆಗೆ ಅಂಟಿಸಿದರು. ಎಡಗಡೆಯ ಮೂಲೆಯಲ್ಲಿ. ನಾನು, "ಮೂಲೆಗೆ ಯಾಕೆ ಸರ್? ಹಾಕುವುದೇ ಆದರೆ ನಡುವಿಗೆ ಹಾಕಿ" ಎಂದೆ. "ಬೇಡ. ಮುಂದೆ ಬರುವವರಿಗೂ ಜಾಗ ಬೇಕಲ್ಲ" ಎಂದರು. ಮಕ್ಕಳಿಗೆ ಹೇಳಿದ ಮಾತೆಂದು ತಿಳಿದು ನಾನು ನಕ್ಕೆ.

ಪ್ರಿನ್ಸಿಪಾಲರು ಸುದ್ದಿ ತಿಳಿದು ಇಳಿದು ಬಂದರು. ಅವರು ಕೆಟ್ಟವರಲ್ಲ, ಹೆದರುವವರು. "ಸರ್, ತಪಾಸಣೆಗೆ ಹೊರಗಿನವರು ಬರ್ತಾರೆ. ಇದನ್ನು ನೋಡಿದ್ರೆ ಎಂತ ಎಣಿಸ್ತಾರೆ? ಒಳಗೆ ಇಡುವ" ಎಂದರು.

"ಹೊರಗಿನವರಿಂದ ಯೋಚನೆ ಬರ್ಬೇಕು ಅಂತ ನಾವೇ ಫ್ಲೆಕ್ಸ್ ಹಾಕಿದ್ದಲ್ವಾ ಸರ್? ಯೋಚನೆ ಕೊಡುವವರಿಗೆ ನಮ್ಮ ತಪ್ಪೂ ಗೊತ್ತಿರ್ಲಿ."

ನಕ್ಷೆ ಅಲ್ಲಿಯೇ ಉಳಿಯಿತು.

ಮಾರ್ಚಿಯ ಚಿತ್ರ ಬಂದ ಮೇಲೆ ಮಕ್ಕಳು ಹೊಸ ನಕ್ಷೆ ಮಾಡಿದರು. ಈ ಸಲ ನೀಲಿಯಲ್ಲ, ಹಸಿರು. ಹಿಂದಿನ ವರ್ಷಗಳ ಮಾರ್ಚಿಯ ಚಿತ್ರವನ್ನೂ ಜೊತೆಗಿಟ್ಟು ನೋಡಿದಾಗ ಕಮಲಕ್ಕನ ಗದ್ದೆ ಮೊದಲು ಹಸಿರು, ಈ ಸಲ ಕಂದು. ಅಷ್ಟು ಸ್ಪಷ್ಟ. ಸರ್ ಆ ಬೇಸಿಗೆಯಿಡೀ ಎಕ್ಸ್‌ರೇ ಲಕೋಟೆ ಹಿಡಿದು ಚುಕ್ಕಿಯಿಂದ ಚುಕ್ಕಿಗೆ ತಿರುಗಿದರು. ಮಕ್ಕಳು ಬಂದರೆ ಮಕ್ಕಳ ಜೊತೆ, ಇಲ್ಲದಿದ್ದರೆ ಒಬ್ಬರೇ. ಕೆಲವು ದಿನ ನಾನೂ ಹೋದೆ. ಸ್ಪರ್ಧೆಗೆ ಆ ಯೋಚನೆಯನ್ನು ಕಮಲಕ್ಕನ ಹೆಸರಿನಲ್ಲಿಯೇ ಹಾಕಬೇಕೆಂದು ಹೊರಟಾಗ ಕಾಲೇಜಿನ ಕಂಪ್ಯೂಟರ್ ಫಾರಂ ಒಪ್ಪಲಿಲ್ಲ. ವಿದ್ಯಾರ್ಥಿಯ ರಿಜಿಸ್ಟರ್ ನಂಬರು ಕೊಡದೆ ಅದು ಮುಂದೆ ಹೋಗುತ್ತಿರಲಿಲ್ಲ. ಯಾರಿಗೆ ಬೇಕಾದರೂ ತೆರೆದಿಟ್ಟ ಸ್ಪರ್ಧೆಯ ಬಾಗಿಲು ಅಷ್ಟೇ ಅಗಲ. ಸರ್ ಮೂರು ದಿನ ಆಫೀಸಿನ ಮೆಟ್ಟಿಲು ಹತ್ತಿ ಇಳಿದು, ಕೊನೆಗೆ ಒಂದು ಬಿಳಿ ಹಾಳೆಯಲ್ಲಿ ಕೈಯಿಂದ ಅರ್ಜಿ ಬರೆದು ಪ್ರಿನ್ಸಿಪಾಲರ ಸಹಿ ತಂದರು. ಬಹುಮಾನದ ದಿನ ಕಮಲಕ್ಕ ಬರಲಿಲ್ಲ. ಕಟ್ಟಕ್ಕೆ ಕಲ್ಲು ಒಟ್ಟುಮಾಡುವ ಕೆಲಸ ಉಂಟೆಂದು ಹೇಳಿ ಕಳಿಸಿದ್ದರು. ಅದೂ ನ್ಯಾಯವೇ.

ಆ ಡಿಸೆಂಬರದಲ್ಲಿ ಅವರ ಕಟ್ಟ ಮತ್ತೆ ಪಟ್ಟಿಗೆ ಬಂತು. ಕಟ್ಟುವ ದಿನ ಸರ್ ನನ್ನನ್ನೂ ಮಕ್ಕಳನ್ನೂ ಕರೆದುಕೊಂಡು ಹೋದರು. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡೇ ಪ್ಯಾಂಟು ಮಡಚಿ ತೋಡಿಗಿಳಿದು ಮಣ್ಣು ತುಳಿದರು. ಕಟ್ಟದಲ್ಲಿ ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು, ಅದನ್ನು ಜೆಸಿಬಿ ಮಾಡುವುದಿಲ್ಲ. ಕಮಲಕ್ಕ ದಂಡೆಯಲ್ಲಿ ನಿಂತು, "ಆ ಬದಿ ತುಳಿಲಿಲ್ಲ ಸರ್, ಅಲ್ಲಿಂದ ನೀರು ಹೋಗ್ತದೆ" ಎಂದು ಹೇಳುತ್ತಿದ್ದರು. ಹೇಳಿದಲ್ಲೆಲ್ಲ ಸರ್ ತುಳಿದರು. ಸಂಜೆ ನೀರು ಮೊಣಕಾಲಿನವರೆಗೆ ಏರಿದಾಗ ಸರ್ ಕೈ ಮುಗಿದ ಹಾಗೆ ಮಾಡಿದರೋ, ಕೈಯ ಕೆಸರು ಉದುರಿಸಿದರೋ, ನನಗೆ ಸರಿಯಾಗಿ ಕಾಣಲಿಲ್ಲ.

ಸರ್ ಮೂರು ವರ್ಷದ ಹಿಂದೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮೈಕಿನ ಮುಂದೆ ಒಂದು ನಿಮಿಷ ನಿಂತಿರಬಹುದು. "ಇಷ್ಟು ವರ್ಷದಲ್ಲಿ ಒಂದು ಸಲ ನೋಡದೆ ಸಹಿ ಹಾಕಿದ್ದೇನೆ. ಅದು ಗೋಡೆಯಲ್ಲಿ ಉಂಟು. ಬೇರೆ ಹೇಳ್ಲಿಕ್ಕೆ ಎಂತ ಇಲ್ಲ" ಎಂದು ಕೂತರು. ಎಲ್ಲರೂ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ಹೊಡೆದರು.

ಸ್ಪರ್ಧೆಯ ಹೊಣೆ ನನ್ನ ಹೆಗಲಿಗೆ ಬಂತು. ಮೊದಲ ವರ್ಷ ನಾನೂ ಲಕೋಟೆ ಹಿಡಿದು ತಿರುಗಿದೆ. ಎರಡನೆಯ ವರ್ಷ ಹತ್ತಿರದ ಚುಕ್ಕಿಗಳಿಗೆ ಮಾತ್ರ ಹೋದೆ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ, ನನ್ನ ಮೊಣಕಾಲು ಮೆಟ್ಟಿಲಿಗೂ ಒಪ್ಪುವುದಿಲ್ಲ, ಕಾಲೇಜಿನಲ್ಲಿ ತಪಾಸಣೆಯ ಫೈಲುಗಳು ಮುಗಿಯುವುದಿಲ್ಲ. ನೆಪಗಳಲ್ಲ, ಎಲ್ಲ ನಿಜವೇ. ಅವರ ಸೊಂಟ ನೋವೂ ನಿಜವೇ ಆಗಿತ್ತು. ಈ ವರ್ಷ ಸ್ಪರ್ಧೆ ಏಪ್ರಿಲಿಗೇ ಬಂತು. ಮಕ್ಕಳು ನಕ್ಷೆ ತಂದಾಗ ಗೆರೆ ಖಾಲಿ ಇತ್ತು, ಕೊನೆಯ ದಿನ ಮರುದಿನವಿತ್ತು. ಕಮಲಕ್ಕನ ಗದ್ದೆ ಹಸಿರಾಗಿಯೇ ಇತ್ತು. ಗೊತ್ತಿದ್ದ ಜಾಗ, ಇನ್ನೇನು ನೋಡುವುದು ಎಂದುಕೊಂಡು ಸಹಿ ಹಾಕಿದೆ. ಸರ್ ಅವರ ಹಾಗೆ ತುಂಬಾ ಹೊತ್ತು ನೋಡಲೂ ಇಲ್ಲ.

ಅದಾಗಿ ಕೆಲವು ವಾರಕ್ಕೆ ಸರ್ ತೀರಿಕೊಂಡರು. ಬೆಳಿಗ್ಗೆ ಉಜಿರೆಯ ಬಸ್‌ಸ್ಟ್ಯಾಂಡಿನಲ್ಲಿ ಎದೆ ನೋವೆಂದು ಕೂತವರು ಏಳಲಿಲ್ಲವಂತೆ. ಕೈಯಲ್ಲಿ ಎಕ್ಸ್‌ರೇ ಲಕೋಟೆ ಇದ್ದುದರಿಂದ ಜನ ಮೊದಲೇ ಕಾಯಿಲೆಯಿತ್ತೆಂದು ತಿಳಿದುಕೊಂಡರಂತೆ. ಕೇಳಿದಾಗ ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು.

ಸಂತಾಪ ಸಭೆಯಲ್ಲಿ ಪರದೆಯ ಮೇಲೆ ಅವರ ಫೋಟೊ, ಅದರ ಪಕ್ಕ ಈ ವರ್ಷದ ಹಸಿರು ನಕ್ಷೆ ತೋರಿಸಿದರು. ಅಡಿಯಲ್ಲಿ ನನ್ನ ಸಹಿ ದೊಡ್ಡದಾಗಿ ಕಾಣುತ್ತಿತ್ತು. ಸಭೆ ಮುಗಿದು ಹೊರಗೆ ಬಂದಾಗ ಮೆಟ್ಟಿಲಿನಲ್ಲಿ ಕಮಲಕ್ಕ ನಿಂತಿದ್ದರು. ಮೂಡುಬಿದಿರೆಯಲ್ಲಿ ಬಸ್ಸು ತಪ್ಪಿ ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. ಕೂದಲು ನೆರೆತಿತ್ತು. ನನ್ನ ಕೈ ಹಿಡಿದುಕೊಂಡು, ಸರ್ ಬಗ್ಗೆ ಎರಡು ಮಾತು ಹೇಳಿ, ಆಮೇಲೆ ಕೇಳಿದರು.

"ಟೀಚರೇ, ಆ ಪಟದಲ್ಲಿ ನಮ್ಮ ಗದ್ದೆ ಪಚ್ಚೆ ಉಂಟಲ್ಲ. ಅದು ಕೊಳಕೆ ಅಂತ ಹಾಕಿದ್ದಾ?"

"ಹೌದು. ಅಲ್ವಾ?"

"ಅಲ್ಲ. ಗದ್ದೆ ನಾವು ಎರಡು ವರ್ಷದ ಹಿಂದೆಯೇ ಕೊಟ್ಟಾಯ್ತು. ತಕ್ಕೊಂಡವರು ಬೋರ್ ತೆಗೆಸಿ ಅಡಿಕೆ ಸಸಿ, ನಡುವೆ ಬಾಳೆ ಹಾಕಿದ್ದಾರೆ. ಅದರ ಪಚ್ಚೆ ಅದು. ಕಟ್ಟ ಕಟ್ಟದೆ ಎರಡು ವರ್ಷ ಆಯ್ತು. ನಮ್ಮ ಬಾವಿ, ಕೆಳಗಿನ ಮೂರು ಮನೆಯ ಬಾವಿ, ಎಲ್ಲ ಆರಿದೆ. ಪಂಚಾಯತಿಯಲ್ಲಿ ಟ್ಯಾಂಕರ್ ಕೇಳಿದ್ರೆ, ಕಾಲೇಜಿನ ಪಟದಲ್ಲಿ ನಿಮ್ಮಲ್ಲಿ ಕಟ್ಟ ಉಂಟಲ್ಲ, ನೀರಿಗೆ ಎಂತ ತೊಂದರೆ ಅಂತ ಹೇಳ್ತಾರೆ."

ಅವರೇ ಮುಂದುವರಿಸಿದರು.

"ಸರ್ ನಿವೃತ್ತಿಯಾದ ಮೇಲೂ ಒಂದು ಸಲ ಬಂದಿದ್ರು. ಇನ್ನೊಮ್ಮೆ ಬರ್ತೇನೆ ಅಂತ ಹೇಳಿದ್ರು. ನೀವು ಬರ್ಲಿಲ್ಲ ಅಲ್ವಾ?"

"ಬರಲಿಲ್ಲ ಕಮಲಕ್ಕ. ನೋಡದೆ ಸಹಿ ಹಾಕಿದೆ."

"ಹ್ಞಾಂ" ಎಂದರು. ಬೈಯಲಿಲ್ಲ. ಅವರಿಗೂ ಸುಸ್ತಾಗಿತ್ತು. ವೇಣೂರಿನ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಬನ್ನಿ ಒಮ್ಮೆ. ನೀರು ಮೇಲಿನ ಮನೆಯಿಂದ ತಂದು ಕೊಡ್ತೇನೆ" ಎಂದರು.

ನಾನು ಲ್ಯಾಬಿಗೆ ಹೋದೆ. ಮಕ್ಕಳು ಹೋಗಿಯಾಗಿತ್ತು. ಈ ವರ್ಷದ ನಕ್ಷೆಯ ಮೂಲವನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರಡಿದೆ. ನನ್ನ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ 'ನೋಡಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಪಂಚಾಯತಿಗೆ ಕಳಿಸಲು ಒಂದು ಪ್ರತಿ ತೆಗೆದಿಟ್ಟೆ. ನಾಳೆ ಬೆಳಿಗ್ಗೆ ವೇಣೂರಿಗೆ ಹೋಗುತ್ತೇನೆ, ಕಾಲೇಜಿಗೆ ಬರುವುದಿಲ್ಲ ಎಂದು ಪ್ರಿನ್ಸಿಪಾಲರಿಗೆ ಒಂದು ಸಾಲು ಬರೆದೆ.

ಆಮೇಲೆ ನಕ್ಷೆ ಹಿಡಿದು ಗೋಡೆಯ ಹತ್ತಿರ ಹೋದೆ. ಅವರ ನಕ್ಷೆಯ ನೀಲಿ ಚುಕ್ಕಿಗಳು ಬಿಸಿಲಿಗೆ ಮಾಸಿ ಹೋಗಿದ್ದವು. ಕೈಬರಹ ಮಾತ್ರ ಓದುವ ಹಾಗೆ ಇತ್ತು. ಅದರ ಪಕ್ಕದಲ್ಲಿ ನನ್ನದನ್ನು ಅಂಟಿಸಿದೆ. ಅವರು ಹೇಳಿದ ಹಾಗೆಯೇ, ಅಲ್ಲಿ ಜಾಗ ಇತ್ತು.